ಚೀಲದ ತಳದ ಕಾಳು

ತಾಯಂದಿರೇ, ಅಪ್ಪಂದಿರೇ, ಹಿಂದೆ ಕಂಬಕ್ಕೆ ಒರಗಿ ಕೂತವರು ಸ್ವಲ್ಪ ಮುಂದೆ ಬನ್ನಿ. ಇವತ್ತಿನ ಮಾತು ಹಿಂದಿನ ಸಾಲಿನದೇ. ಸತ್ಯ ಅಂದರೇನು ಅಂತ ಮೂರು ದಿನದಿಂದ ಈ ಪ್ರವಚನದಲ್ಲಿ ಹೇಳುತ್ತಿದ್ದೇನೆ, ನೀವೂ ತಲೆದೂಗುತ್ತಿದ್ದೀರಿ. ತಲೆದೂಗುವುದಕ್ಕೆ ಏನು ಕಷ್ಟ? ಇವತ್ತು ಒಂದು ದೃಷ್ಟಾಂತ ಕೇಳಿ. ಆಮೇಲೂ ತಲೆ ಆಡುತ್ತದೋ ನೋಡೋಣ.

ಒಂದು ಊರು. ಹೆಸರು ಬೇಡ, ನಿಮ್ಮದೇ ಅಂದುಕೊಂಡರೆ ನನ್ನ ಅಭ್ಯಂತರವಿಲ್ಲ. ಅಲ್ಲೊಬ್ಬ ಶ್ರೀಮಂತ. ಅಡತಿ ಅಂಗಡಿ ಅವನದು. ತೊಗರಿ, ಕಡಲೆ, ಜೋಳ, ಯಾವ ಚೀಲ ಬರಲಿ, ಮೇಲಿನ ಕಾಳು ನೋಡಿ ಅವನು ಎಂದೂ ದರ ಹೇಳಿದವನಲ್ಲ. ಅವನ ಹತ್ತಿರ ಚೂಪು ಮೂತಿಯ ಒಂದು ಕಬ್ಬಿಣದ ಕೊಳವೆ. ಅದನ್ನು ಚೀಲದ ತಳಕ್ಕೆ ಚುಚ್ಚಿ ಎಳೆದರೆ ತಳದ ಕಾಳು ಅಂಗೈಗೆ ಬೀಳುತ್ತಿತ್ತು. ಯಾಕೆ ಹಾಗೆ ಮಾಡುತ್ತಿದ್ದ? ಜನ ಏನು ಮಾಡುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಮೇಲೆ ತಳುಕು, ಒಳಗೆ ಹುಳುಕು. ಅಣ್ಣನ ಚೀಲವಾಗಲಿ, ಬೀಗರ ಚೀಲವಾಗಲಿ, ಚುಚ್ಚದೆ ಬಿಡುತ್ತಿರಲಿಲ್ಲ. ಬಹಳ ಜಾಣ.

ಈ ಜಾಣನೇ ಊರಿನ ಸರ್ಕಾರಿ ಶಾಲೆಯ ಉಸ್ತುವಾರಿ ಸಮಿತಿಯ ಅಧ್ಯಕ್ಷ. ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಮಕ್ಕಳ ಪ್ರಗತಿ ಪತ್ರಕ್ಕೆ ಹೆಡ್ ಮಾಸ್ತರರ ಸಹಿ ಒಂದೇ ಸಾಲದು, ಅಧ್ಯಕ್ಷರ ಸಹಿಯೂ ಬೀಳಬೇಕು. ಸಹಿ ಬಿದ್ದರೆ ಕಾರ್ಡಿಗೆ ತೂಕ ಅಂತ ಊರವರ ನಂಬಿಕೆ. ವರ್ಷಕ್ಕೆ ಎರಡು ಸಲ ಕಾರ್ಡುಗಳ ಕಟ್ಟು ಅಂಗಡಿಗೆ ಬರುತ್ತಿತ್ತು. ಶ್ರೀಮಂತ ಒಂದು ಕೈಯಲ್ಲಿ ಫೋನು ಹಿಡಿದು ಗಿರಾಕಿಗೆ ದರ ಹೇಳುತ್ತ, ಇನ್ನೊಂದು ಕೈಯಲ್ಲಿ ಸಹಿ ಜಡಿಯುತ್ತಿದ್ದ. ಎಲ್ಲ ಕಾರ್ಡಿನಲ್ಲೂ ಎ, ಎ, ಎ. ಇಡೀ ಶಾಲೆಯಲ್ಲಿ ದಡ್ಡ ಮಗು ಅನ್ನುವುದೇ ಇಲ್ಲ. ಎಂಥ ಪುಣ್ಯದ ಊರು ನೋಡಿ.

ಇನ್ಸ್‌ಪೆಕ್ಷನ್ ಬಂದರೆ? ಮುಂದಿನ ಬೆಂಚಿನಲ್ಲಿ ಐದು ಮಕ್ಕಳು ಇದ್ದೇ ಇರುತ್ತಿದ್ದರು. ಓದು ಅಂದರೆ ಆ ಐವರೇ ಓದುವುದು, ಮಗ್ಗಿ ಅಂದರೆ ಆ ಐವರೇ ಹೇಳುವುದು. ಉಳಿದ ಮಕ್ಕಳಿಗೆ ಆ ದಿನ ಅಂಗಳದಲ್ಲಿ ಗಿಡಕ್ಕೆ ನೀರು ಹಾಕುವ ಕೆಲಸ. ಸಾಹೇಬರು ಐವರ ಓದು ಕೇಳಿ, ಉಪ್ಪಿಟ್ಟು ತಿಂದು, ಗಿಡ ಎಷ್ಟು ಹಸಿರಾಗಿವೆ ಅಂತ ಹೊಗಳಿ ಹೋಗುತ್ತಿದ್ದರು. ಜಿಲ್ಲೆಯ ಪಟ್ಟಿಯಲ್ಲಿ ಆ ಶಾಲೆ ಮೊದಲು. ಊರ ಬಾಗಿಲಿಗೆ ಬ್ಯಾನರು, ಹೆಡ್ ಮಾಸ್ತರರಿಗೆ ಶಾಲು.

ಈಗ ಒಬ್ಬ ತಾಯಿಯ ಮಾತು ಹೇಳುತ್ತೇನೆ. ಶ್ರೀಮಂತನ ಗೋದಾಮಿನಲ್ಲಿ ಕಾಳು ಹಸನು ಮಾಡುವಾಕೆ. ಹದಿನಾಲ್ಕು ವರ್ಷ ಆ ಧೂಳು ಕುಡಿದು, ನಾಲ್ಕು ಮಾತಿಗೆ ಒಂದು ಸಲ ಕೆಮ್ಮುತ್ತಿದ್ದಳು. ಅವಳಿಗೊಬ್ಬಳು ಮಗಳು, ಐದನೇ ತರಗತಿ. ದೃಷ್ಟಾಂತದಲ್ಲಿ ಹೆಸರು ಹೇಳುವ ರೂಢಿ ಇಲ್ಲ. ಆದರೆ ಈ ಹುಡುಗಿಯ ಹೆಸರು ಹೇಳುತ್ತೇನೆ, ಯಾಕೆಂದರೆ ಐದು ವರ್ಷ ಆ ಶಾಲೆಗೆ ಅವಳು ಬರೀ ಹಾಜರಿ ನಂಬರಾಗಿದ್ದಳು. ದಾನಮ್ಮ.

ಆರನೇ ತರಗತಿಗೆ ಸರ್ಕಾರದ ವಸತಿ ಶಾಲೆಗೆ ಸೇರಿಸಬೇಕು ಅಂತ ತಾಯಿಯ ಆಸೆ. ಅದಕ್ಕೊಂದು ಪ್ರವೇಶ ಪರೀಕ್ಷೆ ಇರುತ್ತದೆ. "ಈ ಧೂಳು ನನ್ನ ಕೂಡ ಮುಗೀಲಿ, ನನ್ನ ಮಗಳ ಮೂಗಿಗೆ ಬ್ಯಾಡ" ಅಂತ ಕಂಡವರ ಮುಂದೆಲ್ಲ ಹೇಳಿಕೊಂಡಿದ್ದಳು. ಹೆದರಿಕೆ ಇರಲಿಲ್ಲ ಅವಳಿಗೆ. ಕಾರ್ಡಿನಲ್ಲಿ ಎ ಇತ್ತಲ್ಲ. ಹೊಸ ಲಂಗ ಹಾಕಿಸಿ ತಾಲೂಕಿಗೆ ಕರೆದುಕೊಂಡು ಹೋದಳು. ದಾನಮ್ಮ ಒಳಗೆ ಹೋಗಿ ಕೂತಳು. ಪ್ರಶ್ನೆ ಪತ್ರಿಕೆ ಕೊಟ್ಟರು. ಒಂದು ಸಾಲೂ ಓದಲು ಬರಲಿಲ್ಲ. ಎಲ್ಲರೂ ಪೆನ್ನಿನಿಂದ ಉತ್ತರದ ಹಾಳೆಯ ಸಣ್ಣ ಗುಂಡುಗಳನ್ನು ತುಂಬುತ್ತಿದ್ದರು, ಅವಳೂ ಒಂದೇ ಸಾಲಿನ ಗುಂಡುಗಳನ್ನು ಮೇಲಿನಿಂದ ಕೆಳಗಿನವರೆಗೆ ನೀಟಾಗಿ ಕಪ್ಪು ಮಾಡಿ, ಹೊರಗೆ ಬಂದು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆ ತಾಯಿ ಮರುದಿನ ಅಂಗಡಿಗೆ ಬಂದಳು. ಕೆಲಸಕ್ಕೆ ಕೂರಲಿಲ್ಲ. ಕಾರ್ಡು ತೆಗೆದು ಶ್ರೀಮಂತನ ಮುಂದೆ ಇಟ್ಟಳು.

"ಸಾವ್ಕಾರ್ರ, ಇದರಾಗ ಏನ ಬರದೈತ್ರಿ?"

"ಎ ಅಂತ ಬರದೈತಿ ನೋಡವಾ."

"ಹಂಗಂದ್ರ?"

"ಹುಡುಗಿ ಶಾಣ್ಯಾಕಿ ಅದಾಳ ಅಂತ."

"ಮತ್ತ ಓದಾಕ ಯಾಕ ಬರವಲ್ದ್ರಿ? ಇದರ ಕೆಳಗ ಸಹಿ ಯಾರದೈತ್ರಿ?"

ಶ್ರೀಮಂತ ಕಾರ್ಡು ನೋಡಿದ. ಸಹಿ ಅವನದೇ. ಆಕೆ ಗೂಟಕ್ಕೆ ನೇತುಹಾಕಿದ್ದ ಆ ಕಬ್ಬಿಣದ ಕೊಳವೆ ತಂದು ಕಾರ್ಡಿನ ಪಕ್ಕದಲ್ಲಿ ಇಟ್ಟಳು. "ಒಂದ ಹುಳಕ ಕಾಳ ಉಳದ್ರ ನಮ್ಮನ್ನ ಇಡೀ ದಿನ ಬೈತೀರಿ. ನನ್ನ ಮಗಳ ಚೀಲಕ್ಕ ಐದು ವರ್ಷದಾಗ ಒಮ್ಮಿನೂ ಯಾಕ ಚುಚ್ಚಿ ನೋಡಲಿಲ್ರಿ?"

ಹೇಳಿ, ಏನು ಉತ್ತರ ಕೊಡುತ್ತಾನೆ? ನೀವಾಗಿದ್ದರೆ ಏನು ಕೊಡುತ್ತಿದ್ದಿರಿ?

ಒಂದು ಮಾತು ಒಪ್ಪಬೇಕು, ಅವನಿಗೆ ನಾಚಿಕೆ ಇತ್ತು. ನೇರ ಶಾಲೆಗೆ ನಡೆದ. ಹಿಂದಿನ ಬೆಂಚಿನಿಂದ ಒಂದೊಂದೇ ಮಗುವನ್ನು ಎಬ್ಬಿಸಿ ಓದಿಸಿದ. ಮೂವತ್ತನಾಲ್ಕರಲ್ಲಿ ಒಂಬತ್ತು ಮಕ್ಕಳಿಗೆ ಓದಲು ಬಂತು. ಉಳಿದವರು ಪುಸ್ತಕ ಹಿಡಿದು ಅವನ ಮುಖ ನೋಡಿದರು. ಹೆಡ್ ಮಾಸ್ತರರನ್ನು ಕೇಳಿದ. ಅವರು ಮುಚ್ಚಿಡಲಿಲ್ಲ.

"ಸಿ ಹಾಕಿದ್ರ ಕಾರಣ ಬರೀಬೇಕ್ರಿ. ಮೀಟಿಂಗಿಗೆ ಕರದು ಎಲ್ಲಾರ ಮುಂದ ನಿಲ್ಲಸ್ತಾರ. ಎ ಹಾಕಿದ್ರ ಯಾರೂ ಏನೂ ಕೇಳಂಗಿಲ್ಲ. ಎರಡು ಕ್ಲಾಸಿಗೆ ನಾ ಒಬ್ಬಾವ ಅದೀನಿ. ಇನ್ನೊಬ್ಬ ಮಾಸ್ತರ್ನ ಕೊಡ್ರಿ ಅಂತ ಕೇಳಿದ್ರ, ಜಿಲ್ಲಾಕ್ಕ ಮೊದಲ ಬಂದೀರಿ, ನಿಮಗ್ಯಾಕ ಮಾಸ್ತರ ಅಂತಾರ."

ನೋಡಿ, ಸುಳ್ಳಿನ ಕೆಲಸ ನೋಡಿ. ಸುಳ್ಳು ಬರೆದದ್ದು ಮರ್ಯಾದೆ ಉಳಿಯಲಿ ಅಂತ. ಆ ಸುಳ್ಳೇ ಮಕ್ಕಳಿಗೆ ಬರಬೇಕಾದ ಮಾಸ್ತರನನ್ನು ತಡೆಯಿತು. ರೋಗವೇ ಇಲ್ಲ ಅಂತ ಚೀಟಿ ಬರೆದುಕೊಟ್ಟ ಮೇಲೆ ಔಷಧಿ ಯಾರು ಕೊಡುತ್ತಾರೆ?

ಶ್ರೀಮಂತ ಊರ ಸಭೆ ಕರೆದ. ಎಲ್ಲರ ಎದುರು ಎದ್ದು ನಿಂತು, "ನಾ ಓದದೇ ಸಹಿ ಮಾಡೀನಿ, ತಪ್ಪು ನಂದು" ಅಂದ. ಪ್ರತಿ ಅಮಾವಾಸ್ಯೆ ದಿನ ಮಾರ್ಕೆಟ್ಟು ಬಂದ್ ಇರುತ್ತದಲ್ಲ, ಆ ದಿನ ಬೆಳಿಗ್ಗೆ ಎಲ್ಲರೂ ಶಾಲೆಗೆ ಬರುವುದು ಅಂತ ಠರಾವು ಆಯಿತು. ಕಾಳು ಅಳೆಯುವ ಸೇರಿನಲ್ಲಿ ಹಾಜರಿ ನಂಬರಿನ ಚೀಟಿ. ಕೈಗೆ ಬಂದ ಚೀಟಿಯ ಮಗು ಓದಬೇಕು. ಪುಸ್ತಕದಲ್ಲಿ ಎಲ್ಲಿ ಬೆರಳು ಬೀಳುತ್ತದೋ ಆ ಪುಟ. ಮಗುವಿಗೆ ಬರದಿದ್ದರೆ ಮಗುವನ್ನು ಯಾರೂ ಬೈಯುವಂತಿಲ್ಲ. ಮಾಸ್ತರರು ಎದ್ದು ಯಾಕೆ ಅಂತ ಹೇಳಬೇಕು, ತಂದೆತಾಯಿಯೂ ಎದ್ದು ಹೇಳಬೇಕು. ಆ ಸಲ ಕಾರ್ಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರು. ಬಿ ಬಂತು, ಸಿ ಬಂತು, ಸಿ ಬಹಳ ಬಂತು.

ಆಮೇಲೆ ಏನಾಯಿತು ಗೊತ್ತೇ? ಇಲ್ಲಿ ನನಗೆ ಸಿಟ್ಟು ಬರುತ್ತದೆ. ಸ್ವಾಮಿಗಳು ಸಿಟ್ಟಾಗಬಾರದು ಅಂತೀರಿ, ಆದರೂ ಬರುತ್ತದೆ. ಪಟ್ಟಿಯಲ್ಲಿ ಮೊದಲಿದ್ದ ಶಾಲೆ ಕೊನೆಗೆ ಇಳಿಯಿತು, ಜಿಲ್ಲಾ ಕಚೇರಿಯಿಂದ ಹೆಡ್ ಮಾಸ್ತರರಿಗೆ ನೋಟೀಸು ಬಂತು. ಐದು ವರ್ಷ ಸುಳ್ಳು ಬರೆದಾಗ ಶಾಲು. ಒಂದು ಸಲ ಸತ್ಯ ಬರೆದದ್ದಕ್ಕೆ ನೋಟೀಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಇದು ಅದಕ್ಕಿಂತ ಕಡೆ. ಜ್ವರ ಬಂದಿದೆ ಅಂತ ಹೇಳಿದವನಿಗೇ ಬರೆ.

ಊರು ಸುಮ್ಮನೆ ಕೂರಲಿಲ್ಲ. ಹನ್ನೊಂದು ಜನ ಹೆಂಗಸರು, ಶ್ರೀಮಂತ, ಹೆಡ್ ಮಾಸ್ತರರು ಟೆಂಪೊ ಮಾಡಿಕೊಂಡು, ನೋಟೀಸು ಹಿಂದಕ್ಕೆ ತಗೊಳ್ಳಿ, ಇನ್ನೊಬ್ಬ ಮಾಸ್ತರರನ್ನು ಕೊಡಿ ಅಂತ ಕೇಳಲು ಜಿಲ್ಲಾ ಕಚೇರಿಗೆ ಹೋದರು. ಅವ್ವನ ಜೊತೆ ದಾನಮ್ಮನೂ ಇದ್ದಳು. ಏಳು ಅಮಾವಾಸ್ಯೆ ಕಳೆದಿದ್ದವು, ಅವಳಿಗೆ ಕೂಡಿಸಿ ಕೂಡಿಸಿ ಓದಲು ಬರುತ್ತಿತ್ತು. ಅಲ್ಲಿನ ಸಾಹೇಬರು, "ಸಿ ಅಂತ ಬರದ ಕಾರ್ಡಿಗೆ ನಿಮ್ಮ ಅಧ್ಯಕ್ಷರೇ ಸಹಿ ಮಾಡ್ಯಾರ, ನಮ್ಮನ್ನ ಯಾಕ ಕೇಳ್ತೀರಿ" ಅಂದರು. ಆಗ ತಾಯಿ ನೋಟೀಸನ್ನು ಮಗಳ ಕೈಗೆ ಕೊಟ್ಟು, "ಸಾಹೇಬ್ರ ಮುಂದ ಓದವಾ" ಅಂದಳು.

ಹುಡುಗಿ ಓದಿದಳು. ಬೆರಳಿಟ್ಟು, ತಡೆದು ತಡೆದು. "ಕಲಿಕಾ ಮಟ್ಟ... ಕುಸಿದಿದ್ದು... ಇದು ತಮ್ಮ ಕರ್... ಕರ್ತವ್ಯ ಲೋಪ..." ಅಲ್ಲಿಗೆ ನಿಂತಳು. "ಕರ್ತವ್ಯ ಲೋಪ ಅಂದ್ರ ಏನ್ರಿ?"

ಸಾಹೇಬರು ಹೇಳಿದರು, "ಮಾಡಬೇಕಾದ ಕೆಲಸ ಮಾಡದ ಬಿಡೋದು."

ಅವಳು ಹೆಡ್ ಮಾಸ್ತರರನ್ನು ನೋಡಿದಳು, ಶ್ರೀಮಂತನನ್ನು ನೋಡಿದಳು, ಆಮೇಲೆ ಸಾಹೇಬರನ್ನು ನೋಡಿದಳು. "ಯಾರ್ ಬಿಟ್ಟಿದ್ರಿ?"

ಸಾಹೇಬರು ಕೈ ಚಾಚಿ ಅವಳಿಂದ ಆ ಕಾಗದ ಇಸಿದುಕೊಂಡರು. ನೋಟೀಸು ಹಿಂದಕ್ಕೆ ಹೋಯಿತು. ಎರಡು ತಿಂಗಳಿಗೆ ಶಾಲೆಗೆ ಇನ್ನೊಬ್ಬ ಮೇಡಂ ಬಂದರು.

ದಾನಮ್ಮನಿಗೆ ವಸತಿ ಶಾಲೆ ಸಿಕ್ಕಿತೇ? ಸಿಕ್ಕಿತು ಅಂತ ಹೇಳಿ ನಿಮ್ಮನ್ನು ಸಮಾಧಾನ ಮಾಡಿ ಕಳಿಸಲೇ? ಹೇಳುವುದಿಲ್ಲ. ಸಿಗಲಿಲ್ಲ. ಆರನೇ ತರಗತಿಗೆ ಒಮ್ಮೆಯೇ ಪರೀಕ್ಷೆ, ಅದು ಕಳೆದುಹೋಗಿತ್ತು. ತಾಯಿ ಇನ್ನೂ ಕಾಳು ಹಸನು ಮಾಡುತ್ತಾಳೆ, ಇನ್ನೂ ಕೆಮ್ಮುತ್ತಾಳೆ. ಹುಡುಗಿಯ ಐದು ವರ್ಷ ತಿಂದವರಲ್ಲಿ ಯಾರೂ ಅದನ್ನು ತಿರುಗಿ ಕೊಡಲಿಲ್ಲ.

ಇದೆಲ್ಲ ನಿಮಗೆ ಹೇಗೆ ಗೊತ್ತು ಬುದ್ಧಿ, ಅಂತ ಕೇಳಬಹುದು. ಆ ಹೆಡ್ ಮಾಸ್ತರರಿಗೆ ಶಾಲು ಹೊದಿಸಿದ ಸ್ವಾಮಿ ನಾನೇ. ಮೂರು ಸಲ ಹೊದಿಸಿದ್ದೇನೆ. ಒಂದು ಮಗುವನ್ನೂ ಕರೆದು, ಓದು ಮಗಾ, ಅನ್ನಲಿಲ್ಲ. ಬ್ಯಾನರು ನೋಡಿದೆ, ಆಶೀರ್ವಾದ ಮಾಡಿದೆ, ಬಂದೆ. ಹಾಗಾಗಿ ನಿಮ್ಮನ್ನು ಬೈಯುವಾಗ ನನ್ನನ್ನು ಹೊರಗಿಟ್ಟು ಬೈಯುತ್ತಿಲ್ಲ.

ಈಗ ನೀವು. ಸಂತೆಯಲ್ಲಿ ಬದನೆಕಾಯಿ ಹೊರಳಿಸಿ ನೋಡುತ್ತೀರಿ, ತೂತು ಇದೆಯೋ ಅಂತ. ಗಡಿಗೆ ಬಾರಿಸಿ ಕೊಳ್ಳುತ್ತೀರಿ. ಹೋರಿ ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುತ್ತೀರಿ. ಮಗುವಿನ ಕಾರ್ಡು ಬಂದರೆ? ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಅಂತ ಕೇಳುತ್ತೀರಿ, ಒತ್ತಿ ಕೊಡುತ್ತೀರಿ. ಮಗು ಬದನೆಕಾಯಿಗಿಂತ ಅಗ್ಗವಾಯಿತೇ?

ಇವತ್ತು ಮನೆಗೆ ಹೋಗಿ ಪುಸ್ತಕ ತೆಗೆಸಿ. ಮಗು ತೋರಿಸುವ ಪುಟ ಬೇಡ, ನಿಮ್ಮ ಬೆರಳು ಬಿದ್ದ ಪುಟ ಓದಿಸಿ. ನಮಗೆ ಓದಲು ಬರುವುದಿಲ್ಲ ಬುದ್ಧಿ, ಅಂತೀರಾ? ಆ ತಾಯಿಗೂ ಬರುತ್ತಿರಲಿಲ್ಲ. ಓದು ಬಲ್ಲ ಪಕ್ಕದ ಮನೆಯವರನ್ನು ಕರೆದು ಕೂರಿಸಿಕೊಳ್ಳಿ. ಮಗುವಿಗೆ ಬರದಿದ್ದರೆ ಕೈ ಎತ್ತಬೇಡಿ, ಅದರ ತಪ್ಪು ಎಲ್ಲರಿಗಿಂತ ಕಡಿಮೆ. ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ, ಕೂಗಾಡದೆ ಕೇಳಿ, ಯಾಕೆ ಬರುವುದಿಲ್ಲ, ಏನು ಬೇಕು, ಯಾವಾಗ ಬರುತ್ತದೆ. ಅಲ್ಲಿ ಉತ್ತರ ಇಲ್ಲದಿದ್ದರೆ ಮಾಸ್ತರರನ್ನೂ ಕರೆದುಕೊಂಡು ತಾಲೂಕಿಗೆ ಹೋಗಿ, ತಾಲೂಕಿನಲ್ಲಿ ಇಲ್ಲದಿದ್ದರೆ ಜಿಲ್ಲೆಗೆ ಹೋಗಿ. ಕಾರ್ಡಿನಲ್ಲಿ ಸಿ ಬರೆದ ಮಾಸ್ತರರ ಮೇಲೆ ಸಿಟ್ಟಾಗಬೇಡಿ. ಸತ್ಯ ಬರೆದವರ ಬೆನ್ನಿಗೆ ನಿಲ್ಲಿ. ಓದಿಸಿ ಕೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಕೊಡಬೇಡಿ.

ಬರುವ ಅಮಾವಾಸ್ಯೆಗೆ ನಾನು ನಿಮ್ಮ ಊರ ಶಾಲೆಗೆ ಬರುತ್ತೇನೆ. ಶಾಲು ತರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ನಿಮಗೂ ಅಲ್ಲಿ ಜಾಗ ಇರುತ್ತದೆ, ಬಂದು ಕೂತುಕೊಳ್ಳಿ.