ಗುರ್ ಅನ್ನದ ನಾಯಿ

ಪಶು ಆಸ್ಪತ್ರೆಯ ಬೆಂಚಿನ ಮೇಲೆ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದ ವಿಜ್ಞಾನದ ಮೇಷ್ಟರಿಗೆ ಪಕ್ಕದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ತಮ್ಮನ ಕೈಗೆ ಬ್ಯಾಂಡೇಜು, ಕಾಲ ಬಳಿ ಕಂದು ನಾಯಿ.

“ಸೂಚನೆಯೇ ಕೊಡದೆ ಕಚ್ಚಿಬಿಡ್ತು ಅಕ್ಕ. ಇಂಜೆಕ್ಷನ್ ಕೊಡಿಸಿ ಇದನ್ನ ಇವತ್ತೇ ಮುಗಿಸಿಬಿಡ್ತೀನಿ.”

“ಮೊದಲು ಗುರ್ ಅಂತಿತ್ತಲ್ಲ?”

“ಅದನ್ನ ನಾನೇ ಬಿಡಿಸಿದೆ. ಗುರ್ ಅಂದಾಗೆಲ್ಲ ಮೂತಿ ಮೇಲೆ ಒಂದು ಬಾರಿಸಿದೆ. ಎರಡೇ ತಿಂಗಳು, ಬಾಯಿ ಬಂದ್!”

“ಭೇಷ್. ಹತ್ತಿರ ಬರಬೇಡ ಅನ್ನೋಕೆ ಅದಕ್ಕಿದ್ದದ್ದು ಅದೊಂದೇ ದಾರಿ. ಅದನ್ನೂ ಮುಚ್ಚಿ, ಈಗ ಹೇಳದೆ ಕಚ್ಚಿತು ಅಂತ ಗೋಳಾಡ್ತೀಯಲ್ಲೋ, ನಾಚಿಕೆ ಆಗಲ್ವಾ?”

“ತಿಂತಿದ್ದಾಗ ತಟ್ಟೆ ಎಳೆದೆ, ಅಷ್ಟೇ. ಯಜಮಾನ ಯಾರು ಅಂತ ಗೊತ್ತಾಗಬೇಡ್ವಾ?”

“ಗೊತ್ತಾಯ್ತಲ್ಲ, ಕೈ ನೋಡ್ಕೋ.”

ಮೇಷ್ಟರು ಕೆಮ್ಮಿ ನಗು ಮುಚ್ಚಿಕೊಂಡರು. ಒಳಗಿನಿಂದ ಕಾಂಪೌಂಡರು ಕೂಗಿದರು. ತಮ್ಮ ಎದ್ದ. ಅಕ್ಕ ಅವನ ಕೈಯಿಂದ ಹಗ್ಗ ಕಿತ್ತುಕೊಂಡಳು.

“ಇದು ನನ್ನ ಮನೆಗೆ ಬರುತ್ತೆ.”

“ಮತ್ತೆ ನಾನು ಡಾಕ್ಟರಿಗೆ ಏನು ಹೇಳಲಿ?”

“ನಾನೊಬ್ಬನೇ ಬಂದಿದೀನಿ ಅಂತ ಹೇಳು. ನಿನ್ನನ್ನೇ ಪರೀಕ್ಷೆ ಮಾಡಿ ನೋಡ್ತಾರೆ.”

ನಾಯಿ ತಿರುಗಿಯೂ ನೋಡದೆ ಅವಳ ಜೊತೆ ಮೆಟ್ಟಿಲಿಳಿದು ಹೋಯಿತು.