ಮೂರನೇ ತಾತನ ಕೆಂಪು ಲಕೋಟೆ

...ಏಳಿ ಅತ್ತಿಗೆ, ಶೂಟಿಂಗ್ ಮುಗೀತು. ಇನ್ನೂ ಮೊಣಕಾಲೂರಿಕೊಂಡೇ ಇದ್ದೀರಲ್ಲ. ಈ ಚಳೀಲಿ ಕಣದ ನೆಲ ಕಲ್ಲಿನ ಹಾಗಿರುತ್ತೆ.

ಕೆನ್ನೆ ಉರೀತಿದೆಯಾ? ಫೆಂಗ್‌ಯಿಂಗ್ ಸ್ವಲ್ಪ ಜೋರಾಗೇ ಹೊಡೆದಳು, ನಾನೂ ನೋಡಿದೆ. ಏನು ಮಾಡೋದು, ಮೊದಲನೇ ಸಲ ಧೂಳು ಒರೆಸಿದ ಹಾಗಿತ್ತು. ಎರಡನೇ ಸಲ ನೀವೇ ಮುಂಚೆ ಮುಖ ತಿರುಗಿಸಿಬಿಟ್ಟಿರಿ. ಮೂರನೆಯದು ಸರಿಯಾಗಿ ಬಂತು. ಶಬ್ದ ಬರಬೇಕು ಅತ್ತಿಗೆ. ಶಬ್ದ ಬರದಿದ್ರೆ ನೋಡೋರು ಬೆರಳಾಡಿಸಿ ಮುಂದಿನ ವಿಡಿಯೋಗೆ ಹೋಗ್ತಾರೆ. ನಮಗಿರೋದು ಒಂದೂವರೆ ನಿಮಿಷ, ಅಷ್ಟರಲ್ಲೇ ಪಾಪಾನೂ ಆಗಬೇಕು, ನ್ಯಾಯಾನೂ ಆಗಬೇಕು. ನಲವತ್ತು ಕಂತು ಮಾಡಿದೀವಿ, ಎಲ್ಲದರಲ್ಲೂ ಕೊನೆಗೆ ಇದೇ ಕಣ. ತಪ್ಪು ಮಾಡಿದೋರನ್ನ ಊರ ಮುಂದೆ ತಂದು ಕೂರಿಸಬೇಕು, ನಿಜಾನ ಅವರ ಬಾಯಿಂದಲೇ ಹೊರಡಿಸಬೇಕು. ಜನ ನೋಡೋದೇ ಅದಕ್ಕೆ.

ಈ ಪಾತ್ರಕ್ಕೆ ನಿಮ್ಮನ್ನ ಆರಿಸಿದ್ದು ನಾನೇ. ಅವಳ ಬಾಯಿ ತಾಳಲಾರದೆ ಗಂಡ ಮನೆ ಬಿಟ್ಟು ಹೋಗ್ತಾನೆ, ಎಲ್ಲೋ ಪರವೂರಲ್ಲಿ ಸಾಯ್ತಾನೆ, ಆ ಸುದ್ದಿ ಕೇಳಿ ಇಲ್ಲಿ ಮಾವ ಸಾಯ್ತಾನೆ. ಅಂಥ ಹೆಂಗಸು. ನಿಮಗೆ ಕಲಿಸೋ ಕೆಲಸಾನೇ ಇರಲಿಲ್ಲ... ಯಾಕೆ ಹಾಗೆ ನೋಡ್ತೀರಿ? ತಮಾಷೆಗೆ ಅಂದೆ. ನೋಡಿ, ಎಲ್ಲರೂ ನಗ್ತಿದಾರೆ. ಆರು ವರ್ಷದಿಂದ ಊರು ನಿಮ್ಮ ಬೆನ್ನ ಹಿಂದೆ ಅಂದಿದ್ದನ್ನ ಇವತ್ತು ಮುಖದ ಮುಂದೆ ಅಂದಿದೆ, ಅಷ್ಟೇ. ಮನಸ್ಸು ಹಗುರಾಗಬೇಕು ನಿಮಗೆ.

ಮೂರನೇ ತಾತ, ನಿಧಾನ, ಪೆಟ್ಟಿಗೆ ಅಂಚು ಹಿಡಿದು ಇಳೀರಿ. ಯಾರಾದ್ರೂ ಕೈ ಕೊಡ್ರೋ. ಯಾನ್‌ಯಾನ್, ತಾತನಿಗೆ ದುಡ್ಡಿಟ್ಟ ಕೆಂಪು ಲಕೋಟೆ ಕೊಟ್ಟೆಯಾ? ಮೊದಲು ಅದನ್ನ ಕೊಡು, ಆಮೇಲೆ ನಟಿಸಿದೋರಿಗೆಲ್ಲ ಮೊಟ್ಟೆ ಹಂಚು. ಬದುಕಿರೋ ಮನುಷ್ಯ ಸತ್ತ ಮಾವನಾಗಿ ಶವಪೆಟ್ಟಿಗೆಯೊಳಗೆ ಮಲಗಿ ಎದ್ದಿದಾನೆ, ಅಪಶಕುನ ಮೈಗಂಟಬಾರದು. ನಾಟಕಾನೇ ಇರಲಿ. ಈ ವಿಷಯದಲ್ಲಿ ನಾನು ಒಂದು ದಿನವೂ ತಪ್ಪಿದೋನಲ್ಲ. ಹೋದ ವರ್ಷ ಕಟುಕ ಲೂ ಫೋಟೋಗೆ ಸತ್ತೋರಿಗೆ ಕಟ್ಟೋ ಹಾಗೆ ಕಪ್ಪು ಪಟ್ಟಿ ಕಟ್ಟಿ ಮೇಜಿನ ಮೇಲೆ ಇಟ್ಟಿದ್ವಲ್ಲ, ಬರೀ ಫೋಟೋ ಅದು, ಆದರೂ ಅವನ ಅಂಗಡಿಗೆ ನಾನೇ ಹೋಗಿ ಲಕೋಟೆ ಕೊಟ್ಟು, ಪಟಾಕಿ ಹಚ್ಚಿ ಬಂದೆ. ಕೇಳಿ ಬೇಕಾದ್ರೆ, ಅಲ್ಲೇ ನಿಂತಿದಾನೆ.

ಆ ಫೋಟೋ ಇತ್ಲಾಗೆ ಕೊಡಿ ಅತ್ತಿಗೆ. ಎದೆಗವಚಿಕೊಂಡು ಯಾಕೆ ಕೂತಿದ್ದೀರಿ? ಪಟ್ಟಿ ಬಿಚ್ಚಿ ವಾಪಸ್ ಕೊಡ್ತೀನಿ. ಬೆಳಿಗ್ಗೆ ನಿಮ್ಮ ಮನೆಗೆ ಬಂದಾಗ ಜಾಡಿಗೆ ಎಲೆಕೋಸು ತುಂಬ್ತಿದ್ರಿ. 'ಛಾಂಗ್‌ಶುನ್ ಅಣ್ಣನ ಫೋಟೋ ಒಂದು ಇದ್ರೆ ಕೊಡಿ' ಅಂದೆ. ಒಂದು ಮಾತೂ ಕೇಳಲಿಲ್ಲ ನೀವು, ಕೈಯಲ್ಲಿದ್ದ ಉಪ್ಪು ಒರೆಸಿಕೊಂಡು ಗೋಡೆಯಿಂದ ಇಳಿಸಿಕೊಟ್ರಿ. ಊರಲ್ಲಿ ಬೇರೆ ಯಾರೂ ಕೊಡ್ತಿರಲಿಲ್ಲ, ಎಲ್ಲರಿಗೂ ಜೀವಭಯ. ಅಣ್ಣ ಹೇಗೂ ಗಣಿಯ ಆ ಅಡುಗೆಯವಳನ್ನ ಕಟ್ಟಿಕೊಂಡು ಹೋದೋನು. ನಾವಿಬ್ಬರೂ ದುಡೀತಿದ್ದ ಗಣಿ ಬಾಗಿಲಲ್ಲಿ ಬಸ್ ಹತ್ತಿದ್ದನ್ನ ನಾನು ಈ ಕಣ್ಣಲ್ಲೇ ನೋಡಿದೀನಿ, ನಿಮಗೆ ಎಷ್ಟು ಸಲ ಹೇಳಿಲ್ಲ. ನೀವು ಮಾತ್ರ ಪ್ರತಿ ಹೊಸವರ್ಷಕ್ಕೂ ಅವನ ಬಟ್ಟಲು, ಅವನ ಊಟದ ಕಡ್ಡಿ ಇಟ್ಟು ಕಡುಬು ಬಡಿಸ್ತೀರಿ. ಓಡಿಹೋದೋನಿಗೆ ಬಿಸಿ ಕಡುಬು. ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ಏನದು, ಕೈ ಯಾಕೆ ಚಾಚಿದೀರಿ? ಎಬ್ಬಿಸಬೇಕಾ? ಬನ್ನಿ, ಹಿಡ್ಕೊಳ್ಳಿ... ಅಲ್ವಾ? ಮತ್ತೇನು? ಮೊಟ್ಟೆಯಾ? ನಿಮ್ಮದು ಎಲ್ಲೂ ಹೋಗಲ್ಲ, ಎರಡು ಪಾಲು ಕೊಡಿಸ್ತೀನಿ, ಮೂರು ಏಟು ತಿಂದಿದೀರಿ.

ಏನಂದ್ರಿ ತಾತ? ...ಫೋಟೋಗೂ ಲಕೋಟೆ ಬರಬೇಕು ಅಂತಾನಾ? ಓ, ಅದಕ್ಕಾ ಆ ಕೈ. ಅದಕ್ಕೆ ಬೇಡ ತಾತ, ಅದಕ್ಕೇನೂ ಬೇಕಾಗಲ್ಲ. ಅದು ಬದುಕಿರೋರಿಗೆ ಮಾತ್ರ...

ಯಾಕೆ ಎಲ್ಲರೂ ನನ್ನ ಕಡೆ ತಿರುಗಿದ್ರಿ? ಮೊಟ್ಟೆ ತಗೊಂಡು ಹೊರಡ್ರಪ್ಪ.

ನಾನಂದದ್ದು, ಇಲ್ಲಿ ಇರೋರಿಗೆ ಅಂತ. ಕಣ್ಣ ಮುಂದೆ ಇರೋರಿಗೆ. ಅವನೆಲ್ಲಿದಾನೋ, ಅವನಿಗೆ ಯಾರು ತಲುಪಿಸೋದು? ಆ ಅರ್ಥದಲ್ಲಿ ಅಂದೆ. ಬಾಯಿ ತಪ್ಪೋದಿಲ್ವಾ ಮನುಷ್ಯನಿಗೆ? ಬೆಳಿಗ್ಗೆಯಿಂದ ಕೂಗಿ ಕೂಗಿ ಗಂಟಲೇ ಹೋಗಿದೆ.

ಅತ್ತಿಗೆ, ಎಲ್ಲರ ಮುಂದೆ ಹೀಗೆ ಕೂತ್ರೆ ಚೆನ್ನಾಗಿರಲ್ಲ. ಏನಾದ್ರೂ ಅನ್ನಿ. ಬೈಯಿರಿ, ಅಳಿ. ನನ್ನ ಮನೆ ಕಡೆ ಏನು ನೋಡ್ತೀರಿ? ಹೆಂಚಿಗೇನಾಗಿದೆ? ಹೌದು, ಅವನು ಹೋದ ಮೇಲೆ ನಾನು ಗಣಿಯಿಂದ ಬಂದ ವಸಂತದಲ್ಲೇ ಕಟ್ಟಿಸಿದೆ. ಹನ್ನೊಂದು ವರ್ಷ ನೆಲದಡಿ ಬಗ್ಗಿ ದುಡಿದ ಬೆನ್ನು ಇದು. ಗಣಿ ಮಾಲೀಕ ನನಗೆ ಕೊಟ್ಟಿದ್ದು ನನ್ನ ಕೂಲಿ. ನನ್ನದು. ಬೇರೆ ಯಾರದ್ದೂ ಅದರಲ್ಲಿ ಇರಲಿಲ್ಲ... ಕೇಳಿದ್ದು ಯಾರು ಅಂದ್ರೆ? ಯಾರೂ ಕೇಳಲಿಲ್ಲ ತಾತ, ನಾನೇ ಹೇಳ್ತಿದೀನಿ, ತಪ್ಪಾ?

ಕಟುಕ, ನೀನ್ಯಾಕೆ ಹತ್ರ ಬರ್ತಿದ್ದೀಯ? ನಿಂತಲ್ಲೇ ನಿಂತ್ಕೋ.

ಏಯ್, ಆ ಫೋನಲ್ಲಿ ರೆಕಾರ್ಡಿಂಗ್ ಇನ್ನೂ ನಡೀತಿದೆಯಾ? ನಿಲ್ಲಿಸು ಅದನ್ನ. ನಿಲ್ಲಿಸು ಅಂದೆ. ಕೈ ಬಿಡು ಫೆಂಗ್‌ಯಿಂಗ್, ಅದು ನನ್ನ ಫೋನು.

ನೋಡು ರುಯಿಲಾನ್. ಇಷ್ಟು ದಿನ ಅತ್ತಿಗೆ ಅಂತ ಮರ್ಯಾದೆ ಕೊಟ್ಟೆ. ಅಪ್ಪ ಓಡಿಹೋದೋನು ಅಂತ ನಿನ್ನ ಮಗಳ ಮದುವೆ ಮಾತು ಮುರಿದುಬಿದ್ದಾಗ, ಅವರ ಮನೆಗೆ ಹೋಗಿ ಕೈ ಮುಗಿದು ಬಂದೋನು ನಾನು. ನೀನು ಹೀಗೆ ಕಣ್ಣು ಕೂಡ ಮಿಟುಕಿಸದೆ ನೋಡ್ತಾ ಕೂತ್ರೆ ನಾನೇನೋ ಹೇಳಿಬಿಡ್ತೀನಿ ಅಂದ್ಕೊಂಡಿದೀಯಾ? ಹೇಳೋದಕ್ಕೆ ಏನೂ ಇಲ್ಲ. ಅವನು ಬಸ್ ಹತ್ತಿದ. ನೀಲಿ ಕೋಟು ಹಾಕಿದ್ದ. ಬಸ್ ಹತ್ತಿದ, ಅಷ್ಟೇ.

ಕೈ ಕೆಳಗಿಳಿಸು.

ಸರಿ, ಅಷ್ಟೇ ತಾನೆ ನಿನಗೆ ಬೇಕಾಗಿರೋದು? ಒಂದು ಲಕೋಟೆಗೆ ಊರನ್ನೇ ನಿಲ್ಲಿಸಬೇಕಾ? ಮರೆತಿದ್ದೆ ಅಂತ ಇಟ್ಕೋ. ಯಾನ್‌ಯಾನ್, ಅವಳಿಗೂ ಒಂದು ಕೆಂಪು ಲಕೋಟೆ ಕೊಟ್ಟುಬಿಡು. ಛಾಂಗ್‌ಶುನ್ ಹೆಸರಲ್ಲಿ. ಕೊಡು, ಯಾಕೆ ನಿಂತಿದ್ದೀಯ?

ಇಲ್ಲ ಅಂದ್ರೇನು? ಚೀಲ ತೆಗೆದು ನೋಡು.

ನೀನು ಎರಡು ಲಕೋಟೆ ಮಾಡಲಾ ಅಂತ ಕೇಳಿದ್ದೆಯಾ? ...ಯಾವಾಗ? ಬೆಳಿಗ್ಗೆಯಾ, ನಾನು ಫೋಟೋಗೆ ಪಟ್ಟಿ ಕಟ್ತಿದ್ದಾಗ?

ಹೌದು. ಒಂದೇ ಸಾಕು ಅಂದಿದ್ದೆ.