ಹಳದಿ ಬ್ಯಾಗು

ಫಿಲಿಪ್ಪೀನ್ಸಿನ ಮಿಂದೊರೊ ದ್ವೀಪದ ನಮ್ಮ ಪೇಟೆಯಲ್ಲಿ ಜನ ತುಂಬುವವರೆಗೆ ಜೀಪ್ನಿ ಬಸ್ಸು ಹೊರಡುವುದಿಲ್ಲ. ನಾನು ಕಿಟಕಿಯ ಪಕ್ಕ ಕೂತಿದ್ದೆ. ಎದುರಿಗೇ ಇದ್ದ ಮಿಲಿಟರಿ ಬ್ಯಾಗುಗಳ ಅಂಗಡಿಯಲ್ಲಿ ಅಣ್ಣ ತಂಗಿ ಇಬ್ಬರು ನಿಂತಿದ್ದರು. ಅವಳ ಅಂಗಿಯ ಮೇಲೆ ಆರೋಗ್ಯ ಕೇಂದ್ರದ ಗುರುತಿತ್ತು. ನಾನು ಕೇಳಿಸಿಕೊಳ್ಳಬಾರದಿತ್ತೇನೋ. ಆದಷ್ಟೂ ಅವರ ಮಾತಿನಲ್ಲೇ ಬರೆದಿದ್ದೇನೆ.

"ಈ ಹಸಿರುದು ತಗೋ ನೆನಿತಾ. ಹೊಳೇಲಿ ಬಿದ್ರೂ ಒಳಗೆ ನೀರು ಹೋಗಲ್ಲ. ಸೈನ್ಯದಲ್ಲಿ ನಾನು ಹೊತ್ತಿದ್ದು ಇಂಥದ್ದೇ."

"ಅದಕ್ಕೇ ಬೇಡ ಅಣ್ಣ."

"ಕೆಲಸಕ್ಕೂ ಆಗುತ್ತೆ, ಬೆಟ್ಟಕ್ಕೂ ಆಗುತ್ತೆ. ಇನ್ನೇನು ಬೇಕು ನಿಂಗೆ?"

"ಹೋದ್ಸಲ ನಿನ್ನ ಹಳೇದನ್ನೇ ಹಾಕ್ಕೊಂಡು ಬೆಟ್ಟ ಹತ್ತಿದೆ. ಒಲೆ ಮೇಲೆ ಗೆಣಸು ಬೇಯ್ತಿದೆ, ಹಟ್ಟೀಲಿ ಒಬ್ರೂ ಇಲ್ಲ. ಸೈನಿಕರು ಬಂದ್ರು ಅಂತ ಮಕ್ಕಳನ್ನ ಎತ್ಕೊಂಡು ಕಾಡು ಸೇರಿದ್ರು. ಲಸಿಕೆ ಹಾಗೇ ವಾಪಸ್ ತಂದೆ."

"ಹಾಗಾದ್ರೆ ಕಪ್ಪುದು?"

"ಕಪ್ಪು ಹಾಕ್ಕೊಂಡ್ರೆ ಕಾಡಿನ ಬಂಡುಕೋರಳು ಅಂತ ನಿನ್ನ ಸೈನ್ಯದ ಗೆಳೆಯರೇ ತಡೀತಾರೆ. ಆ ಹಳದೀದು ಕೊಡ್ಸು."

"ಸ್ಕೂಲ್ ಮಕ್ಳ ಬ್ಯಾಗ್ ಇದ್ದಂಗಿದೆ! ಪಟ್ಟಿ ನೋಡು, ಒಂದು ಮಳೆಗಾಲಾನೂ ತಡಿಯಲ್ಲ."

"ಪಟ್ಟಿ ಕಿತ್ರೆ ಹೊಲೀಬಹುದು. ಓಡಿಹೋದ ತಾಯಂದಿರನ್ನ ಎಲ್ಲಿ ಹುಡುಕ್ಲಿ? ಕೆಳಗಿನ ಹಟ್ಟಿಗೆ ಆಗ್ಲೇ ದಡಾರ ಬಂದಿದೆ."

ಅಣ್ಣ ಹಳದಿ ಬ್ಯಾಗಿನ ಪಟ್ಟಿಯನ್ನು ಜಗ್ಗಿ ನೋಡಿದ.

"ನಾನೇ ಡಬಲ್ ಹೊಲಿಗೆ ಹಾಕ್ಕೊಡ್ತೀನಿ. ಜೊತೆಗೆ ಬರ್ಲಾ? ದಾರಿ ಜಾರುತ್ತೆ."

"ನೀನಾ? ಬೇಡಪ್ಪ! ನಿನ್ನ ನಡಿಗೆ ನೋಡಿದ್ರೇ ಸಾಕು, ಅವರು ಓಡ್ತಾರೆ."

ಅವನು ನಗಲಿಲ್ಲ. ಬ್ಯಾಗನ್ನು ತಂಗಿಯ ಹೆಗಲಿಗೇರಿಸಿ, ಪಟ್ಟಿಯ ಉದ್ದ ಸರಿಮಾಡಿ, ದಪ್ಪ ದಾರ ಎಲ್ಲಿ ಸಿಗುತ್ತದೆಂದು ಅಂಗಡಿಯವನನ್ನು ಕೇಳಿಕೊಂಡು ಅವಳೊಂದಿಗೆ ಹೊರಟುಹೋದ.